ವಾರಗಿತ್ತಿಯ ಅಂಗಳದಲ್ಲಿ ನೀರು ನಿಲ್ಲುವುದಿಲ್ಲ

ಮಳೆ ಬಂದರೆ ದರ್ಜಿ ಅಕ್ಕನ ಅಂಗಳ ಕೆರೆಯಾಗುತ್ತಿತ್ತು. ಹೋದ ವರ್ಷವಷ್ಟೇ ಕನ್ನಡಿಯಂತೆ ನುಣ್ಣಗೆ ಸಿಮೆಂಟ್ ಹಾಕಿಸಿದ್ದಳು. ಇಂಗಲು ಜಾಗವಿಲ್ಲದ ನೀರು ಹೊಸ್ತಿಲು ದಾಟಿ ಬಂದು ಗಿರಾಕಿಗಳ ಬಟ್ಟೆ ಗಂಟುಗಳನ್ನು ನೆನೆಸುತ್ತಿತ್ತು.

ಗೋಡೆಯಾಚೆ ಅವಳ ವಾರಗಿತ್ತಿಯ ಮನೆ. ಅಲ್ಲಿ ಒಂದು ಹನಿಯೂ ನಿಲ್ಲುತ್ತಿರಲಿಲ್ಲ. ಜಲ್ಲಿಕಲ್ಲು ಎದ್ದು ಕಾಣುವ ಆ ಒರಟು ಅಂಗಳವನ್ನು ಮೊದಲು ನೋಡಿದಾಗ ಅಕ್ಕ ನಕ್ಕಿದ್ದಳು. ಈಗ ಕಿಟಕಿಯಿಂದ ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. ಮಳೆ ನಿಂತೊಡನೆ ಅತ್ತೆ ಕೂಡ ಕುರ್ಚಿ ಎತ್ತಿಕೊಂಡು ಕಿರಿಯ ಸೊಸೆಯ ಅಂಗಳಕ್ಕೇ ಹೋಗಿ ಕೂರುತ್ತಿದ್ದಳು. ಅದನ್ನಂತೂ ಅಕ್ಕನಿಗೆ ಸಹಿಸಲಾಗುತ್ತಿರಲಿಲ್ಲ.

ಆ ನೆಲ ನೀರು ಕುಡಿಯುತ್ತದಂತೆ ಎಂದು ಗಂಡ ಹೇಳಿದರೂ ಅವಳು ನಂಬಲಿಲ್ಲ. ಸಿಮೆಂಟಿನೊಳಗೆ ನೀರು ಇಳಿಯುವುದುಂಟೇ? ವಾರಗಿತ್ತಿ ಚಾಲಾಕಿ, ನೀರನ್ನೆಲ್ಲ ನಮ್ಮ ಕಡೆಗೆ ತಿರುಗಿಸಿದ್ದಾಳೆ ಎಂದೇ ಹಟ ಹಿಡಿದಳು.

ಒಂದು ಮಧ್ಯಾಹ್ನ ವಾರಗಿತ್ತಿ ಕೆಲಸಕ್ಕೆ ಹೋಗಿದ್ದಳು. ಅಕ್ಕ ತನ್ನ ಅಂಗಳದಲ್ಲಿ ಮಳೆನೀರು ತಂದು ಬಿಟ್ಟಿದ್ದ ಕೆಸರನ್ನೆಲ್ಲ ಬಳಿದು, ಬುಟ್ಟಿ ಬುಟ್ಟಿಯಾಗಿ ಅತ್ತ ಸುರಿದು, ಪೊರಕೆಯಿಂದ ಹರಡಿದಳು. ಅವಳಿಗೂ ಒಂದು ದಿನ ಗೊತ್ತಾಗಲಿ ಎಂದುಕೊಂಡಳು.

ಮರುದಿನದ ಮಳೆಗೆ ಅಲ್ಲೂ ನೀರು ನಿಂತಿತು. ಎಂದಿನಂತೆ ಹೋದ ಅತ್ತೆ ಕೆಸರಲ್ಲಿ ಜಾರಿ ಬಿದ್ದು ಮಣಿಕಟ್ಟು ಉಳುಕಿಸಿಕೊಂಡಳು.

ವಾರಗಿತ್ತಿ ಗಾರೆ ಮೇಸ್ತ್ರಿಯನ್ನು ಕರೆಸಿದಳು. ಅವನು ಮಂಡಿಯೂರಿ ಉಗುರಿನಿಂದ ನೆಲ ಕೆರೆದು ನೋಡಿದ. "ಇದಕ್ಕೆ ಮರಳು ಹಾಕಿಲ್ಲಮ್ಮ. ಬರೀ ಜಲ್ಲಿ, ಸಿಮೆಂಟು. ಕಲ್ಲು ಕಲ್ಲಿನ ನಡುವೆ ತೂತು ಇರುತ್ತೆ. ಆ ತೂತಲ್ಲಿ ನೀರು ಇಳಿದು, ಕೆಳಗಿರೋ ದಪ್ಪ ಜಲ್ಲಿ ಹಾಸಲ್ಲಿ ನಿಂತು, ನಿಧಾನಕ್ಕೆ ಭೂಮಿಗೆ ಇಂಗುತ್ತೆ. ಯಾರೋ ತೂತಿಗೆಲ್ಲ ಮಣ್ಣು ತುಂಬಿದ್ದಾರೆ."

ಅಲ್ಲೇ ಕೂತು ಅತ್ತೆಯ ಕೈಗೆ ಬಟ್ಟೆ ಸುತ್ತುತ್ತಿದ್ದ ಅಕ್ಕನ ಬೆರಳುಗಳು ನಿಂತವು.

"ತುಂಬಿದ್ದು ನಾನೇ," ಎಂದಳು.

ವಾರಗಿತ್ತಿ ಕೆಸರು ತುಂಬಿದ ನೆಲವನ್ನೊಮ್ಮೆ ನೋಡಿದಳು. ಆಮೇಲೆ, "ಕೇಳಿದ್ರೆ ನಾನೇ ಹೇಳ್ತಿದ್ದೆ ಅಲ್ವಾ ಅಕ್ಕ," ಎಂದಳು.

"ಕೇಳೋಕೆ ಈ ಹಾಳು ಹೊಟ್ಟೆಕಿಚ್ಚು ಬಿಡಬೇಕಲ್ಲ."

ಮೇಸ್ತ್ರಿ ಹೇಳಿದಂತೆ ಅಕ್ಕನೇ ಕೆಸರು ಎತ್ತಿ, ಗಟ್ಟಿ ಬ್ರಷ್ಷಿನಿಂದ ಉಜ್ಜಿದಳು. ಅವನು ಪೈಪಿನಿಂದ ಜೋರಾಗಿ ನೀರು ಹಾಯಿಸಿದ. ಕೊನೆಗೆ ಒಂದು ಕೊಡ ನೀರು ಸುರಿದರೆ, ಹರಿಯಲೇ ಇಲ್ಲ, ನಿಂತಲ್ಲೇ ಮಾಯವಾಯಿತು. ಅಕ್ಕ ಇನ್ನೊಂದು ಕೊಡ ತಾನೇ ತಂದು ಸುರಿದಳು.

ಮುಂದಿನ ತಿಂಗಳು ಅವಳ ನುಣ್ಣನೆಯ ಸಿಮೆಂಟನ್ನು ಒಡೆಸಿ ಅದೇ ಬಗೆಯ ನೆಲ ಹಾಕಿಸಿದರು. ಕೆಲಸದ ಮೇಲ್ವಿಚಾರಣೆಗೆ ನಿಂತವಳು ವಾರಗಿತ್ತಿ.

ನೀವೂ ಅಂಗಳಕ್ಕೆ ಕಾಂಕ್ರೀಟ್ ಹಾಕಿಸುವ ಮೊದಲು ನೀರು ಇಂಗಿಸುವ ಕಾಂಕ್ರೀಟಿನ ಬಗ್ಗೆ ತಿಳಿದವರನ್ನು ವಿಚಾರಿಸಿ. ನಿಮ್ಮ ಮಣ್ಣಿಗೆ ನೀರು ಇಂಗುತ್ತದೆಯೇ ಎಂದು ನೋಡಿಸಿ. ಭಾರದ ಲಾರಿ ಓಡಾಡುವ ಕಡೆ ಇದು ಬೇಡ. ಹಾಕಿಸಿದ ಮೇಲೆ ಅದರ ಮೇಲೆ ಮಣ್ಣು, ಮರಳು ರಾಶಿ ಹಾಕಬೇಡಿ. ವರ್ಷಕ್ಕೆ ಒಂದೆರಡು ಸಲ ತೊಳೆಸಿ. ಪಕ್ಕದವರ ಅಂಗಳ ಒಣಗಿದ್ದರೆ ಉರಿದುಕೊಳ್ಳಬೇಡಿ. ಬಾಗಿಲು ತಟ್ಟಿ, ಕೇಳಿ.