ನಾಮಿನಿಯ ಹೆಸರು

“ಸಂಬಂಧ ಏನ್ರಿ ಸರ್?” ಕೌಂಟರಿನ ಅರ್ಜುಮಂದ ಎರಡನೆಯ ಸಲ ಕೇಳಿದಳು.

ಖಂಡಪ್ಪ ಪರದೆ ನೋಡಿದ. ಇನ್ನೂ ಹೆಸರನ್ನೇ ಹೇಳದವನನ್ನು ಸಂಬಂಧ ಕೇಳುವ ಅವಸರವೇನು ಎಂದುಕೊಂಡ. ಶಹಾಪುರದ ಆ ಸಣ್ಣ ಶೇರು ಕಚೇರಿಯಲ್ಲಿ ಬೆಳಗಿನ ಹತ್ತಕ್ಕೆ ಅವರಿಬ್ಬರೇ ಇದ್ದರು. ಪರದೆಯ ಮೇಲೆ, ಅವನ ನಂತರ ಶೇರು ಪಡೆಯಬೇಕಾದ ಹಳೆಯ ನಾಮಿನಿಯ ಹೆಸರಿತ್ತು: ಮರಿಲಿಂಗಮ್ಮ, ತಾಯಿ. ಅವಳು ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಯಾರೂ ಕೇಳದಿದ್ದರೂ ಅದನ್ನು ಈ ಕಚೇರಿಗೆ ಬರೆದು ತಿಳಿಸಿದವನು ಅವನೇ. ಪ್ರಾಮಾಣಿಕತೆಗೆ ಸಿಕ್ಕ ಬಹುಮಾನ ಈ ಫಾರ್ಮು.

“ಇವತ್ತ ಐದು ಗಂಟಿ ಒಳಗ ಹೊಸ ಹೆಸರು ತುಂಬಬೇಕ್ರಿ. ಇಲ್ಲಂದ್ರ ಖಾತಿ ಬಂದ್ ಆಗ್ತದ. ಮನ್ಯಾಗ ಯಾರದರ ಹೇಳ್ರಿ. ಹೆಸರು, ಹುಟ್ಟಿದ ತಾರೀಖು, ಸಂಬಂಧ. ಇಷ್ಟೇ. ಫೋನಿನ್ಯಾಗೂ ತುಂಬಬಹುದ್ರಿ.”

“ವಿಚಾರ ಮಾಡಿ ಹೇಳ್ತೀನಿ.”

“ಯಾರೂ ಬ್ಯಾಡ ಅಂದ್ರ ಇಲ್ಲೊಂದು ಟಿಕ್ ಹಾಕ್ರಿ, ಮುಗೀತು. ಭಾಳ ಮಂದಿ ಹಂಗ ಮಾಡ್ತಾರ.”

ಅವನು ಬಗ್ಗಿ ನೋಡಿದ. ಯಾರೂ ಬೇಡ ಎನ್ನುವುದಕ್ಕೆ ಒಂದು ಚೌಕವಿತ್ತು. ಯಾರೂ ಇಲ್ಲ ಎನ್ನುವುದಕ್ಕೆ ಇರಲಿಲ್ಲ. ಹೆಸರು ತರುತ್ತೇನೆ ಎಂದು, ಸಂತೆಗೆ ಕಾಯಿಪಲ್ಲೆಗೆ ಹೊರಟವನಂತೆ ಎದ್ದ.

ಹೊರಗೆ ಬಂದರೆ ಎದುರಿಗೇ ಬೆಟ್ಟ. ಊರಿಗೆಲ್ಲ ಅದು ಮಲಗಿದ ಬುದ್ಧ. ಚಿಕ್ಕವನಿದ್ದಾಗ ಅವ್ವ ಅವನ ಬೆರಳು ಹಿಡಿದು ಗಾಳಿಯಲ್ಲಿ ಗೀರಿ ತೋರಿಸಿದ್ದಳು: ಇದು ಹಣಿ, ಇದು ಮೂಗು, ಇದು ಎದಿ, ಕೈ ಮುಗಿ. ಈಗ ಅವನು ಕೈ ಮುಗಿಯುವುದಿಲ್ಲ. ಆದರೂ ದಿನಾ ನೋಡುತ್ತಾನೆ.

ಕಾಲೇಜಿನಲ್ಲಿ ಅವನು ಭೂಗೋಳ ಕಲಿಸುತ್ತಿದ್ದ. ಈ ಸೀಮೆಯ ಬಂಡೆ ಬಹಳ ಹಳೆಯದು, ಇದರೊಳಗೆ ಎಣ್ಣೆಯಿಲ್ಲ, ಅನಿಲವಿಲ್ಲ ಎಂದು ಇಪ್ಪತ್ತೆರಡು ವರ್ಷ ಪಾಠ ಹೇಳಿದ್ದ. ಅಂಥವನು ಆರು ವರ್ಷದ ಹಿಂದೆ, ಹೆಂಡತಿ ಅನುರಾಧಾ ಮನೆ ಬಿಟ್ಟು ರಂಗಂಪೇಟೆಗೆ ಹೋದ ವರ್ಷ, ಪೂರ್ವದ ಸಮುದ್ರದಲ್ಲಿ ಎಣ್ಣೆ ಹುಡುಕುವ ಕಂಪನಿಯ ಶೇರು ಕೊಂಡ. ಲಾಭಕ್ಕಾಗಿ ಎಂದು ತನಗೆ ತಾನೇ ಹೇಳಿಕೊಂಡಿದ್ದು ಸುಳ್ಳು. ಅವನಿಗೆ ಬೇಕಾಗಿದ್ದದ್ದು ಕಾಯಲು ಒಂದು ಸುದ್ದಿ. ಇಷ್ಟು ಮೀಟರು ಇಳಿದಿದ್ದೇವೆ, ಮರಳುಗಲ್ಲು ತಗುಲಿದೆ, ಗಾಳಿ ಜೋರಿರುವುದರಿಂದ ಕೊರೆತ ನಿಲ್ಲಿಸಿದ್ದೇವೆ. ಅವ್ವ ಹೋದ ಮೇಲೆ ಅವನ ಫೋನಿಗೆ ತಪ್ಪದೆ ಬರುತ್ತಿದ್ದದ್ದು ಈ ಪ್ರಕಟಣೆಗಳು ಮಾತ್ರ. ಈಗ ಕೊರೆಯುತ್ತಿದ್ದ ಮೂರನೆಯ ಬಾವಿಯ ಆಳ ಅವನಿಗೆ ಬಾಯಿಪಾಠ. ಹೆಂಡತಿಯ ಹುಟ್ಟಿದ ತಾರೀಖು ಗೊತ್ತಿರಲಿಲ್ಲ.

ಸ್ಟಾಫ್ ರೂಮಿನಲ್ಲಿ ಭಗವಂತರಾಯ ಒಬ್ಬನೇ ಪೇಪರು ಓದುತ್ತಿದ್ದ. ಹತ್ತು ವರ್ಷದಿಂದ ಪಕ್ಕದ ಕುರ್ಚಿಯವನು.

“ನಿಮ್ಮ ಹುಟ್ಟಿದ ತಾರೀಖು ಯಾವುದ್ರಿ?” ಖಂಡಪ್ಪ ಕೇಳಿದ.

“ಯಾಕ್ರಿ, ಕನ್ಯಾ ನೋಡೀರೇನು ನನಗ?”

“ಸುಮ್ನ ಕೇಳಿದೆ.”

“ಸುಮ್ನ ಕೇಳೋ ಮನಷ್ಯಾ ಅಲ್ಲ ನೀವು.” ಭಗವಂತರಾಯ ನಕ್ಕು ಪುಟ ತಿರುಗಿಸಿದ. ಖಂಡಪ್ಪನೂ ನಕ್ಕ. ಆಮೇಲೆ ಅರ್ಧ ದಿನದ ರಜೆ ಬರೆದಿಟ್ಟು ಸುರಪುರದ ಬಸ್ಸು ಹತ್ತಿದ.

ದಾರಿಯಲ್ಲಿ ಫೋನು ನಡುಗಿತು. ಮೂರನೆಯ ಬಾವಿಯಲ್ಲಿ ಎಣ್ಣೆಯಾಗಲಿ ಅನಿಲವಾಗಲಿ ಲಾಭವಾಗುವಷ್ಟು ಕಂಡುಬಂದಿಲ್ಲ. ಬಾವಿಗೆ ಸಿಮೆಂಟು ತುಂಬಿ ಮುಚ್ಚಿ ಕೈಬಿಡಲಾಗಿದೆ. ಶೇರಿನ ಬೆಲೆ ಅರ್ಧಕ್ಕಿಂತ ಕೆಳಗಿಳಿದಿತ್ತು. ಅವನಿಗೆ ದುಃಖವಾದದ್ದು ಬೆಲೆಗಲ್ಲ. ನಾಳೆಯಿಂದ ಅಲ್ಲಿ ಯಾರೂ ಕೊರೆಯುವುದಿಲ್ಲ.

ಸುರಪುರಕ್ಕೆ ಹತ್ತಿಕೊಂಡಿರುವ ರಂಗಂಪೇಟೆಯ ಶಾಲೆಯಲ್ಲಿ ಬಿಸಿಯೂಟದ ಹೊತ್ತು. ಅಲ್ಲಿ ಟೀಚರಾಗಿದ್ದ ಅನುರಾಧಾ ಸೌಟು ಹಿಡಿದು ಮಕ್ಕಳ ಸಾಲಿನ ಮುಂದೆ ನಿಂತಿದ್ದಳು. ಅವನನ್ನು ಕಂಡು ಸೌಟನ್ನು ಅಡುಗೆಯವಳ ಕೈಗೆ ಕೊಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಕಂಬದ ಹತ್ತಿರ ಬಂದಳು.

“ಏನು ಬಂದ್ರಿ? ವಕೀಲರ ಕಾಗದ ತಂದೀರೇನು?”

“ಇಲ್ಲ. ನಿನ್ನ ಹುಟ್ಟಿದ ತಾರೀಖು ಬೇಕಿತ್ತು.”

“ಹನ್ನೊಂದು ವರ್ಷ ಬಾಳೇವು ಮಾಡಿ ಈಗ ಕೇಳಾಕತ್ತೀರಿ?”

“ಒಂದು ಫಾರ್ಮ್ ಅದ. ನಾಮಿನಿದು.”

ಅವಳು ಅವನ ಮುಖವನ್ನೇ ನೋಡಿದಳು. “ಯಾವುದರದು?”

“ಶೇರ್. ಸಮುದ್ರದಾಗ ಎಣ್ಣಿ ಹುಡುಕೋ ಕಂಪನಿದು.”

“ಸಿಕ್ತೇನು?”

“ಇಲ್ಲ. ಇವತ್ತ ಬಾವಿ ಮುಚ್ಯಾರ.”

“ಕಂಕುಳಾಗ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ್ರಂತ,” ಎಂದುಬಿಟ್ಟಳು. ಕೂಸು ಎಂಬ ಮಾತಿಗೆ ಇಬ್ಬರೂ ಬೇರೆ ಕಡೆ ನೋಡಿದರು. ಅವರಿಗೆ ಮಕ್ಕಳಾಗಿರಲಿಲ್ಲ. ಅದರ ಬಗ್ಗೆ ಅವನು ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. ಬಾಯಿ ಬಿಡದೆ ಇರುವುದೇ ದೊಡ್ಡತನ ಎಂದು ತಿಳಿದಿದ್ದ.

“ನನ್ನ ಹೆಸರು ಬ್ಯಾಡ್ರಿ,” ಅವಳು ಮೆಲ್ಲಗೆ ಹೇಳಿದಳು. “ನನ್ನ ಕಾಗದದಾಗ ನಿಮ್ಮ ಹೆಸರು ಇತ್ತಲ್ಲ, ನೌಕರಿದು, ಅದನ್ನ ತೆಗೆಸಿ ಎರಡು ವರ್ಷ ಆತು. ಅಣ್ಣನ ಮಗಳದು ಹಾಕೀನಿ.”

“ನನಗ ಹೇಳಬೇಕಿತ್ತು.”

“ಕೇಳಿದ್ರ ಹೇಳ್ತಿದ್ದೆ.”

ಮಕ್ಕಳು ತಟ್ಟೆ ಬಡಿಯುತ್ತಿದ್ದವು. ಅವಳು ಆ ಕಡೆ ತಿರುಗಿ, ಮತ್ತೆ ಇವನ ಕಡೆ ತಿರುಗಿ, “ಊಟ ಮಾಡಿ ಹೋಗ್ರಿ. ಅನ್ನ ಬ್ಯಾಳಿ ಅದ,” ಎಂದಳು.

“ಆಗ್ಯಾದ,” ಎಂದ. ಬೆಳಗಿನಿಂದ ಅವನು ಚಹಾ ಬಿಟ್ಟು ಏನೂ ಮುಟ್ಟಿರಲಿಲ್ಲ.

ಬಸ್ ನಿಲ್ದಾಣದಲ್ಲಿ ಬಹಳ ಹೊತ್ತು ಕೂತ. ಎರಡು ಬಸ್ಸು ಬಂದು ಹೋದವು. ಅವಳ ಯಾವುದೋ ಕಾಗದದ ಮೂಲೆಯಲ್ಲಿ ತನ್ನ ಹೆಸರಿದೆ ಎಂದು ಈ ಆರು ವರ್ಷ ಅವನು ಒಮ್ಮೆಯೂ ನೆನೆದಿರಲಿಲ್ಲ. ಈಗ ಅದು ಎರಡು ವರ್ಷದಿಂದ ಇಲ್ಲವೆಂದು ತಿಳಿದ ಕೂಡಲೆ, ಅಷ್ಟು ದಿನವೂ ಅದರ ಮೇಲೆಯೇ ನಿಂತಿದ್ದೆ ಎನ್ನಿಸಿ ಹೆದರಿಕೆಯಾಯಿತು. ಮೂರನೆಯ ಬಸ್ಸು ಹತ್ತಿದ.

ಶಹಾಪುರ ಇನ್ನೂ ಮುಂದಿರುವಾಗ ಭತ್ತದ ಚೀಲ ಹೇರಿದ ಟ್ರ್ಯಾಕ್ಟರೊಂದು ರಸ್ತೆಗೆ ಅಡ್ಡವಾಗಿ ಕೆಟ್ಟು ನಿಂತಿತ್ತು. ಬಸ್ಸೂ ನಿಂತಿತು. ಐದಕ್ಕೆ ಹನ್ನೊಂದು ನಿಮಿಷವಿತ್ತು.

ಅವನು ಫೋನಿನಲ್ಲಿ ಫಾರ್ಮು ತೆರೆದ. ಯಾರೂ ಬೇಡ ಎಂಬ ಚೌಕದ ಮೇಲೆ ಬೆರಳು ತಂದು ಹಿಂದಕ್ಕೆಳೆದುಕೊಂಡ. ಹೆಸರಿನ ಖಾನೆಯಲ್ಲಿ ಖಂಡಪ್ಪ ಎಂದು ಬರೆದ. ಹುಟ್ಟಿದ ತಾರೀಖು; ಇದೊಂದು ಗೊತ್ತಿತ್ತು. ಸಂಬಂಧದ ಪಟ್ಟಿಯಲ್ಲಿ ತಾಯಿ, ತಂದೆ, ಪತ್ನಿ, ಮಗ, ಮಗಳು ಎಲ್ಲರೂ ಇದ್ದರು. ಕೊನೆಯಲ್ಲಿ ಇತರೆ ಎಂದಿತ್ತು. ಅದನ್ನು ಒತ್ತಿದ.

ಖಾತೆದಾರರು ತಮಗೆ ತಾವೇ ನಾಮಿನಿ ಆಗುವಂತಿಲ್ಲ. ಕೆಂಪು ಅಕ್ಷರ. ದಯವಿಟ್ಟು ಬೇರೆ ಹೆಸರು ನಮೂದಿಸಿ.

ಕಿಟಕಿಯಲ್ಲಿ ಬೆಟ್ಟವಿತ್ತು. ಇಷ್ಟು ವರ್ಷ ಓಡಾಡಿದ ದಾರಿ. ಇಲ್ಲಿ ಬಸ್ಸು ಎಂದೂ ನಿಂತಿರಲಿಲ್ಲ. ಈ ಮಗ್ಗುಲಿನಿಂದ ನೋಡಿದರೆ ಅಲ್ಲಿ ಯಾರೂ ಮಲಗಿರಲಿಲ್ಲ. ಹಣೆಯ ಕಲ್ಲು ಒಂದು ಕಡೆ ಬಿದ್ದಿತ್ತು, ಎದೆಯ ಕಲ್ಲು ಎಷ್ಟೋ ಹಿಂದೆ, ನಡುವೆ ಬಯಲು ಮತ್ತು ಜಾಲಿ. ಖಂಡಪ್ಪ ಫೋನನ್ನು ತೊಡೆಯ ಮೇಲಿಟ್ಟು, ಅವ್ವ ಹಿಡಿದಿದ್ದ ಬೆರಳನ್ನು ಗಾಜಿನ ಮೇಲಿಟ್ಟು ಮೂಗು ಎಲ್ಲಿದೆ ಎಂದು ಗೀರತೊಡಗಿದ. ಧೂಳಿನಲ್ಲಿ ಗೆರೆ ಮೂಡಿತು. ಮುಂದಿನ ಕಲ್ಲಿನ ತನಕ ಹೋಗಿ, ಮತ್ತೆ ಮೊದಲಿನಿಂದ ಗೀರಿದ.