ಹಾಸ್ಟೆಲ್ ಬೀದಿಯ ಬೇಡಿಕೆ

ಯಾವ ಬಡಾವಣೆಗೆ ಯಾವ ಕ್ಯಾಮೆರಾ ಹೋಗುತ್ತದೆಂದು ನನ್ನನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಇಪ್ಪತ್ತು ವರ್ಷದಿಂದ ಸಗಟು ಮಳಿಗೆಯಲ್ಲಿ ಇದೇ ವರದಿ ಬರೆಯುತ್ತಿದ್ದೇನೆ. ಸಾಹುಕಾರರ ಬಡಾವಣೆಗೆ ಗೇಟು ಕಾಯುವ ಕ್ಯಾಮೆರಾ. ಸ್ಟುಡಿಯೊಗಳ ಸಾಲಿಗೆ ಮದುವೆ ತೆಗೆಯುವ ದೊಡ್ಡ ಲೆನ್ಸಿನದು. ಕಾರ್ಖಾನೆ ಕಡೆ ಏನೂ ಬೇಡ, ಎಲ್ಲರ ಕೈಯಲ್ಲೂ ಮೊಬೈಲು.

ಈ ವರ್ಷ ಹಾಸ್ಟೆಲ್ ಬೀದಿಯೊಂದು ದಿಢೀರನೆ ಎಲ್ಲರನ್ನೂ ಹಿಂದೆ ಹಾಕಿತು. ಗೋಡೆ ಗಡಿಯಾರದೊಳಗೆ ಅಡಗಿಸಿದ ಕ್ಯಾಮೆರಾ, ತಿಂಗಳಿಗೆ ನಲವತ್ತು! ನನ್ನ ಮಗಳು ಓದಲೆಂದು ಬಾಡಿಗೆ ಕೋಣೆ ಹಿಡಿದಿರುವುದು ಅದೇ ಬೀದಿಯಲ್ಲಿ. ಕಳ್ಳರ ಭಯಕ್ಕೆ ಹುಡುಗಿಯರೇ ಕೊಳ್ಳುತ್ತಿದ್ದಾರೆ, ಜಾಣೆಯರು ಅಂದುಕೊಂಡೆ. 'ಆ ಕಡೆಗೆ ಇನ್ನಷ್ಟು ಕಳಿಸಿ' ಎಂದು ಬರೆದವಳು ನಾನೇ. "ಅಕ್ಕಾ, ನಿಮ್ಮ ಲೆಕ್ಕಾಚಾರ ಅಂದ್ರೆ ಲೆಕ್ಕಾಚಾರ" ಎಂದು ಮ್ಯಾನೇಜರ್ ಹೊಗಳಿದ. ನಾನೂ ಉಬ್ಬಿಹೋದೆ. ಥೂ, ನನ್ನ ಬುದ್ಧಿಗಿಷ್ಟು!

ಇವತ್ತು ಮಧ್ಯಾಹ್ನ ಆ ಬೀದಿಯಿಂದ ಕೆಟ್ಟು ವಾಪಸು ಬಂದ ಗಡಿಯಾರವೊಂದನ್ನು ಪರೀಕ್ಷಿಸುತ್ತಿದ್ದೆ. ಒಳಗೇ ಉಳಿದಿದ್ದ ಮೆಮೊರಿ ಕಾರ್ಡನ್ನು ಹಾಕಿ ನೋಡಿದರೆ ಯಾರದೋ ಮನೆಯ ಹುಡುಗಿ ಬಟ್ಟೆ ಬದಲಿಸುತ್ತಿದ್ದಳು. ಮಳಿಗೆಯಲ್ಲಿ ಯಾರಿಗೂ ಹೇಳದೆ ಎದ್ದು ಓಡಿದೆ.

"ಇದೇನಮ್ಮಾ, ಹೇಳದೆ ಕೇಳದೆ ಬಂದ್ಬಿಟ್ಟೆ?" ಮಗಳು ನಗುತ್ತಲೇ ಬಾಗಿಲು ತೆರೆದಳು.

ನಾನು ಚಪ್ಪಲಿಯನ್ನೂ ಬಿಡದೆ ಮಂಚ ಹತ್ತಿ ಗೋಡೆಯ ಗಡಿಯಾರ ಕಿತ್ತೆ.

"ಅಯ್ಯೋ, ಒಡೀಬೇಡ! ಅದು ಓನರ್ ಅಂಕಲ್‌ದು. ನಾನು ಬರೋ ಮುಂಚಿನಿಂದ್ಲೂ ಅಲ್ಲೇ ಇದೆ."

ಹೇರ್‌ಪಿನ್ನಿನಿಂದ ಹಿಂಬದಿ ಎಬ್ಬಿಸಿದೆ. ಸಾಸಿವೆಯಷ್ಟು ಲೆನ್ಸು, ಅದರ ಪಕ್ಕದಲ್ಲಿ ಕಾರ್ಡು. ಕಾರ್ಡನ್ನು ಎಳೆದು ಕೈಯಲ್ಲಿ ಹಿಡಿದು, ಗಡಿಯಾರದೊಳಗಿರುವುದು ಕ್ಯಾಮೆರಾ ಎಂದು ಹೇಳಿದೆ. ಅವಳು ನೆಲದ ಮೇಲೆ ಕುಸಿದಳು. "ಎಂಟು ತಿಂಗಳಮ್ಮಾ... ಎಂಟು ತಿಂಗಳಿಂದ ಇಲ್ಲೇ ಇದೀನಿ" ಎಂದು ಬಿಕ್ಕಿದಳು. ಪಕ್ಕದಲ್ಲಿ ಕೂತು ಅವಳನ್ನು ತಬ್ಬಿಕೊಂಡೆ. ಆ ಓನರನ ವಂಶವನ್ನೆಲ್ಲ ಬೈದೆ, ಈಗಲೇ ಪೊಲೀಸರ ಹತ್ತಿರ ಹೋಗೋಣವೆಂದೆ.

ಸ್ವಲ್ಪ ಹೊತ್ತಿಗೆ ಅವಳ ಅಳು ನಿಂತಿತು.

"ಅಮ್ಮಾ, ಬಂದವಳೇ ಸೀದಾ ಗಡಿಯಾರಕ್ಕೇ ಯಾಕೆ ಕೈ ಹಾಕ್ದೆ?"

ಸುಳ್ಳು ಹೇಳಬಹುದಿತ್ತು.

"ಈ ಬೀದೀಗೆ ಇವನ್ನ ಕಳಿಸ್ತಿರೋದು ನಮ್ಮ ಮಳಿಗೆ, ಪುಟ್ಟೀ. ಜಾಸ್ತಿ ಕಳಿಸಿ ಅಂದಿದ್ದು ನಾನೇ."

ಅವಳು ಹೆಗಲ ಮೇಲಿದ್ದ ನನ್ನ ಕೈಯನ್ನು ಮೆಲ್ಲಗೆ ತೆಗೆದು ಪಕ್ಕಕ್ಕಿಟ್ಟಳು.

"ಪೊಲೀಸರಿಗೆ ಅದನ್ನೂ ಹೇಳ್ತೀಯಾ?"

"ಹೇಳ್ತೀನಿ" ಎಂದೆ.

ಮಗಳು ನಂಬಲಿಲ್ಲ. ಕಾರ್ಡನ್ನು ನನ್ನ ಕೈಯಿಂದ ಕಿತ್ತುಕೊಂಡು ಒಬ್ಬಳೇ ಠಾಣೆಗೆ ಹೊರಟಳು.