ಉತ್ತರದ ಗೋಲು

"ಏಯ್ ಮುದಿ ಗೂಬೆ, ಎದ್ದೇಳೇ ಅಲ್ಲಿಂದ! ಗೋಲಿನ ಬಾಯಾಗೆ ಅಂಡು ಊರ್ಕಂಡು ಕುಂತವ್ಳೆ. ನಿಮ್ಮಪ್ಪನ ಹೊಲ ಅನ್ಕಂಡ್ಯಾ?"

ಮೈದಾನದ ಮೇಸ್ತ್ರಿ ಪಾಂಗ್ ದೂರದಿಂದಲೇ ಕೂಗಿಕೊಂಡು ಬಂದ. ಯೂಲಾನ್ ಏಳಲಿಲ್ಲ. ಉತ್ತರದ ಗೋಲುಕಂಬಗಳ ನಡುವೆ ಮಂಡಿಯೂರಿ ಕಳೆ ಕೀಳುತ್ತಲೇ ಇದ್ದಳು. ಹೊಲ ಅಪ್ಪನದಲ್ಲ, ಗಂಡನ ಪಾಲಿಗೆ ಬಂದದ್ದು. ಸ್ಟೇಡಿಯಂ ಬರುವ ಮುಂಚೆ ಇಲ್ಲಿ ಎಲೆಕೋಸು ಬೆಳೆದು, ಗಾಡಿಯಲ್ಲಿಟ್ಟು ಪೇಟೆಗೆ ತಳ್ಳಿಕೊಂಡು ಹೋಗುತ್ತಿದ್ದಳು. ಅದನ್ನೆಲ್ಲ ಪಾಂಗ್‌ಗೆ ಹೇಳಿ ಆಗಬೇಕಾದ್ದೇನು?

ಪಾಂಗ್‌ನ ಹಿಂದೆ ರೇಷ್ಮೆ ಅಂಗಿಯ ಶಕುನದವನು ದಿಕ್ಸೂಚಿ ಹಿಡಿದು ಬಂದ. ಕ್ಲಬ್ಬಿನ ಒಡೆಯ ದೂ ಅವನನ್ನು ಶೆನ್ಯಾಂಗ್ ನಗರದಿಂದ ಕಾರಿನಲ್ಲಿ ಕರೆಸಿದ್ದ. ಮಾರನೆಯ ದಿನ ಗೆದ್ದರೆ ಸಾರಸ ಫುಟ್‌ಬಾಲ್ ಕ್ಲಬ್ ದೇಶದ ಮೊದಲ ದರ್ಜೆಗೆ ಏರುತ್ತಿತ್ತು.

"ಹೆಂಗಸ್ರ ನೆರಳು ಗೋಲಿನ ಬಾಯಿಗೆ ಬೀಳ್ಬಾರ್ದು," ಎಂದ ಶಕುನದವನು ಮೂಗು ಮುಚ್ಚಿಕೊಂಡು. "ಅದ್ರಲ್ಲೂ ಇಂಥ ಬರಡುಮುಂಡೇದು."

ಪಾಂಗ್ ಅವಳ ಕುತ್ತಿಗೆಪಟ್ಟಿ ಹಿಡಿದು ಎಳೆದ. ಅವಳ ಮುಷ್ಟಿಯಲ್ಲಿದ್ದ ಹಾಲಿನ ಮಿಠಾಯಿ ಹುಲ್ಲಿಗೆ ಬಿತ್ತು.

"ಕೆಲ್ಸದ ಹೊತ್ನಾಗೆ ಮಿಠಾಯಿ ಚೀಪ್ತಾಳೆ ನೋಡಿ ಸ್ವಾಮಿ, ಹಲ್ಲಿಲ್ದ ಲೌಡಿ!" ಎಂದು ಪಾಂಗ್ ಅದನ್ನು ಬೂಟಿನ ಹಿಮ್ಮಡಿಯಿಂದ ಮಣ್ಣಿಗೆ ತುಳಿದ.

ಯೂಲಾನ್ ತಲೆ ತಗ್ಗಿಸಿಕೊಂಡು ಹೋದಳು. ಮಿಠಾಯಿ ಸೇರಬೇಕಾದ ಜಾಗಕ್ಕೇ ಸೇರಿತ್ತು, ಆ ಬೇವರ್ಸಿಗೆ ಗೊತ್ತಾಗಲಿಲ್ಲ ಅಷ್ಟೆ.

ಅಲ್ಲಿ ಕೆಳಗೆ ಅವಳ ಮಗಳು ಯಾಯಾ ಮಲಗಿದ್ದಳು. ಮಿದುಳು ಜ್ವರ ಬಂದು ತೀರಿಹೋದ ಕೂಸು. ಆ ಸೀಮೆಯಲ್ಲಿ ಎಳೆಯ ಮಕ್ಕಳನ್ನು ಹಿರಿಯರ ಸಾಲಿನಲ್ಲಿ ಹೂಳುವುದಿಲ್ಲ. ಗುಡ್ಡೆ ಏರಿಸುವುದಿಲ್ಲ, ಕಲ್ಲು ನಿಲ್ಲಿಸುವುದಿಲ್ಲ, ಮನೆಯಲ್ಲಿ ಹೆಸರೂ ಎತ್ತುವುದಿಲ್ಲ. ಗಂಡ ಹೊಲದ ಉತ್ತರಕ್ಕಿದ್ದ ವಿಲೋ ಮರದ ಬುಡದಲ್ಲಿ ಹೂತು, ನೆಲ ಸಮ ಮಾಡಿ ಬಂದಿದ್ದ. ಮುಂದೆ ಅವನೂ ತೀರಿಕೊಂಡ. ದೂನ ಕಂಪನಿಗಾಗಿ ಸರ್ಕಾರ ನೆಲ ಕಿತ್ತುಕೊಂಡಾಗ ಅಧಿಕಾರಿ ಬಂದು, ಕಲ್ಲಿದ್ದ ಗೋರಿಗಳನ್ನೆಲ್ಲ ಗುಡ್ಡದ ಕಡೆಗೆ ಸಾಗಿಸಿದ. "ಇನ್ಯಾರಾದ್ರೂ ಉಳ್ಕಂಡವ್ರಾ?" ಎಂದು ಕೇಳಿದ. ಅತ್ತೆ ಪಕ್ಕದಲ್ಲೇ ನಿಂತಿದ್ದಳು. ಸತ್ತ ಎಳೆಗೂಸಿನ ಹೆಸರನ್ನು ಅತ್ತೆಯೆದುರು ಎತ್ತುವ ಸೊಸೆ ಆ ಊರಲ್ಲಿ ಹುಟ್ಟಿರಲಿಲ್ಲ. ಯೂಲಾನ್ ತುಟಿ ಕಚ್ಚಿಕೊಂಡಳು.

ಸ್ಟೇಡಿಯಂ ಎದ್ದಿತು. ಗುರುತಿಗೆ ಉಳಿದಿದ್ದ ನದಿಯ ಏರಿ, ಆಚೆ ದಡದ ನೀರಿನ ಟ್ಯಾಂಕು ಎರಡರಿಂದಲೂ ಕಣ್ಣಲ್ಲೇ ಅಳೆದು ನೋಡಿದಳು. ವಿಲೋ ಮರವಿದ್ದ ಜಾಗ ಉತ್ತರದ ಗೋಲಾಗಿತ್ತು. ಅವತ್ತೇ ಹೋಗಿ ಹುಲ್ಲಿನ ಕೂಲಿಗೆ ಸೇರಿಕೊಂಡಳು.

ಮಾರನೆಯ ದಿನ ಸಾರಸ ಗೆದ್ದಿತು. ಊರಿಗೆ ಊರೇ ಕೆಂಪು ಶಾಲು ಹೊದ್ದು ಬಂದು, ಸೂರ್ಯಕಾಂತಿ ಬೀಜ ಉಗುಳುತ್ತಾ, "ಸಾರಸ! ಸಾರಸ!" ಎಂದು ಕೂಗಿತು. ಗೋಲುಕೀಪರ್ ಹೌ ಲೇ ಕಡೆಯ ಪೆನಾಲ್ಟಿ ತಡೆದದ್ದು ಇದೇ ಉತ್ತರದ ಗೋಲಿನಲ್ಲಿ. ಜಾಹೀರಾತಿನ ಹಲಗೆಯ ಹಿಂದೆ ಅಡಗಿದ್ದ ಯೂಲಾನ್ ಅಳುತ್ತಾ ನಗುತ್ತಾ ನೆಲದ ಕಡೆ ನೋಡಿದಳು. "ಕೇಳುಸ್ತಾ ಕಂದಾ? ಎಷ್ಟ್ ಜನ ಬಂದವ್ರೆ ನೋಡು ನಿನ್ತಾವ." ಯಾವ ರಾಜನ ಗೋರಿಗೂ ಇಷ್ಟು ಮಂದಿ ಬರಲಿಕ್ಕಿಲ್ಲ ಅನ್ನಿಸಿ ಎದೆ ಉಬ್ಬಿತು.

ಹೌ ಲೇ ಗಣಿ ಕೂಲಿಯ ಮಗ. ಹಬೆಯಲ್ಲಿ ಬೆಂದ ರೊಟ್ಟಿ ಅವಳಿಗೂ ಒಂದು ಚೂರು ಮುರಿದುಕೊಡುತ್ತಿದ್ದ. "ಏನ್ ದೊಡ್ಡವ್ವ, ಗೋಲಿನ್ ಜತೆ ದಿನಾ ಗುಸುಗುಸು ಅಂತೀಯಲ್ಲ, ಯಾರೈತೆ ಅಲ್ಲಿ?" ಎಂದು ಕೆಣಕುತ್ತಿದ್ದ.

"ಮಾತಾಡ್ಸುದ್ರೆ ಹುಲ್ಲು ಸೊಂಪಾಗ್ ಬತ್ತದೆ ಕಣಪ್ಪ," ಎನ್ನುತ್ತಿದ್ದಳು. ಜತೆಗೆ ಹುಲ್ಲು ಕತ್ತರಿಸುವ ಲುವೋ ಕಿಸಕ್ಕನೆ ನಗುತ್ತಿದ್ದ.

ದೂಗೆ ಚೆಂಡು ಬೇಕಿರಲಿಲ್ಲ, ಮನೆ ಮಾರಬೇಕಿತ್ತು. ಸ್ಟೇಡಿಯಂ ಪಕ್ಕದಲ್ಲೇ ಸಾರಸ ನಗರ ಎಂಬ ಬಹುಮಹಡಿ ಮನೆಗಳ ಗೋಪುರಗಳನ್ನು ಎಬ್ಬಿಸಿದ್ದ. ಕ್ಲಬ್ ಗೆಲ್ಲುತ್ತಿರುವಾಗ ಜನ ಮುಗಿಬಿದ್ದರು. ಆಮೇಲೆ ದೇಶದಲ್ಲೆಲ್ಲ ಮನೆ ಕೊಳ್ಳುವವರೇ ಇಲ್ಲದಾಯಿತು. ಅರ್ಧಕ್ಕರ್ಧ ಗೋಪುರಗಳು ಕಿಟಕಿಯಿಲ್ಲದೆ ನಿಂತವು. ಬ್ರೆಜಿಲ್‌ನ ಆಟಗಾರ ರಾತ್ರೋರಾತ್ರಿ ವಿಮಾನ ಹತ್ತಿದ. ಆಟಗಾರರ ಊಟ ಎಲೆಕೋಸಿನ ನೀರಿಗೆ ಇಳಿಯಿತು. ಲೀಗಿನವರು ಕ್ಲಬ್ಬಿನ ಹೆಸರು ಹೊಡೆದುಹಾಕಿದ ದಿನ ದೂ ಎಲ್ಲಿದ್ದಾನೆಂದು ಯಾರಿಗೂ ಗೊತ್ತಿರಲಿಲ್ಲ.

ಅಭಿಮಾನಿಗಳು ಅಳುತ್ತಾ ಒಳನುಗ್ಗಿ, ನೆನಪಿಗೆಂದು ಹುಲ್ಲಿನ ಹೆಂಟೆ ಕೊಯ್ದುಕೊಂಡು ಹೋದರು. ಉತ್ತರದ ಗೋಲಿನ ಮುಂದೆ ಯೂಲಾನ್ ಕುಡುಗೋಲು ಹಿಡಿದು ನಿಂತಳು. "ಇಲ್ಗ್ ಕೈ ಹಾಕುದ್ರೆ ಕೈಯೇ ತರಿದ್ಬುಡ್ತೀನಿ!"

ಪಾಂಗ್ ಸ್ಟೇಡಿಯಂ ಕೊಂಡ ಹೊಸ ಒಡೆಯನ ಕಡೆ ಸೇರಿಕೊಂಡಿದ್ದ. ಮೈದಾನ ಅಗೆದು ಕಾರು ನಿಲ್ಲಿಸುವ ನೆಲಮಾಳಿಗೆ ಮಾಡುತ್ತಾರಂತೆ. ಜೆಸಿಬಿ ಬಂದ ಬೆಳಿಗ್ಗೆ ಯೂಲಾನ್ ಅವನ ಕಾಲಿಗೆ ಬಿದ್ದಳು.

"ಒಂದಿನ ಬುಡಪ್ಪಾ. ಗೋಲಿನ್ ಕೆಳ್ಗೆ ನನ್ ಮಗ್ಳವ್ಳೆ. ಅಗ್ದು ಎತ್ಕತೀನಿ."

ಸಾಮಾನು ಒಯ್ಯಲು ಬಂದಿದ್ದ ಲುವೋ, ಹೌ ಲೇ ಇಬ್ಬರೂ ಹತ್ತಿರ ಬಂದರು. ಮಗಳ ಮಾತನ್ನು ಅವಳ ಬಾಯಿಂದ ಅದುವರೆಗೆ ಯಾರೂ ಕೇಳಿರಲಿಲ್ಲ.

"ಕಲ್ಲೆಲ್ಲೈತೆ?" ಎಂದ ಪಾಂಗ್. "ಕಲ್ಲಿಲ್ದಿದ್ಮ್ಯಾಲೆ ಅದು ಗೋರಿ ಅಲ್ಲ. ನಾಯಿ ಹೂತ್ಬುಟ್ಟು ಪರಿಹಾರ ಕೀಳಾಕ್ ಬತ್ತೀರಾ, ಸೂಳೆಮಕ್ಳಾ."

ಯೂಲಾನ್ ಎದ್ದು ಗುದ್ದಲಿ ತೆಗೆದುಕೊಂಡಳು. ಪಾಂಗ್ ಅಡ್ಡ ಬಂದ. ಹೌ ಲೇ ಅವನ ಎದೆಗೆ ಅಂಗೈ ಇಟ್ಟು ಪಕ್ಕಕ್ಕೆ ಸರಿಸಿ, ತಾನೂ ಒಂದು ಸಲಿಕೆ ಹಿಡಿದ. ಲುವೋ ಪಿಕಾಸಿ ತಂದ.

ಹುಲ್ಲು ಹೋಯಿತು. ಮರಳು ಬಂತು. ಮರಳಿನ ಕೆಳಗೆ ಜಲ್ಲಿ, ಜಲ್ಲಿಯ ಕೆಳಗೆ ಕರಿ ಪೈಪು. ಅದರ ಕೆಳಗೆ ಕ್ವಾರಿಯ ಕಲ್ಲುಪುಡಿ. ಎಲೆಕೋಸಿನ ಹೊಲದ ಕಪ್ಪು ಮಣ್ಣು ಒಂದು ಹಿಡಿಯೂ ಇಲ್ಲ. ಅವಳು ಅಗೆಯುತ್ತಲೇ ಇದ್ದಳು. ಲುವೋ ಮಾತ್ರ ಪಿಕಾಸಿ ಕೆಳಗಿಟ್ಟು ಕುಕ್ಕರಗಾಲಲ್ಲಿ ಕೂತುಬಿಟ್ಟ.

"ಯಾಕಕ್ಕಾ, ಯಾಕ್ ಮೊದ್ಲೇ ಬಾಯ್ ಬುಡ್ನಿಲ್ಲ?" ಎಂದ ಅವನು. "ಸ್ಟೇಡಿಯಂ ಕಟ್ಟುವಾಗ ಲಾರಿ ಹೊಡ್ದೋನು ನಾನೇ. ಈ ಮಣ್ಣು ಮೆತ್ಗೈತೆ ಅಂತ ಎರಡಾಳುದ್ದ ತೆಗ್ದು ಸಾಗ್ಸುದ್ರು. ಇಲ್ಲೇನೂ ಉಳ್ದಿಲ್ಲ."

"ಎಲ್ಗ್ ಹಾಕ್ದೆ?"

"ಸಾರಸ ನಗರದ್ ಹಳ್ಳ ತುಂಬ್ಸಾಕೆ. ಏರಿ ಕಡೆ ಗೋಪುರದ ಬಾಕ್ಲ್ ಮುಂದೆ."

ಯೂಲಾನ್ ಗುಂಡಿಯಲ್ಲಿ ಕೂತಳು. ಇಷ್ಟು ವರ್ಷ ಅವಳು ಹಾಡು ಹೇಳಿದ್ದು ಜಲ್ಲಿಗೆ, ಮಿಠಾಯಿ ತಿನ್ನಿಸಿದ್ದು ಪೈಪಿಗೆ. ಮಗು ಸತ್ತ ದಿನ ಅತ್ತೆಗೆ ಹೆದರಿ ನುಂಗಿಕೊಂಡಿದ್ದ ಅಳು ಈಗ ಹೊರಗೆ ಬಂತು. ಹೌ ಲೇ ಅವಳ ತಲೆಯನ್ನು ಹೆಗಲಿಗೆ ಒತ್ತಿಕೊಂಡು ತಾನೂ ಅತ್ತ. ಮೇಲೆ ನಿಂತ ಪಾಂಗ್ ಜೆಸಿಬಿಯವನಿಗೆ ಕೈ ಬೀಸಿದ.

ಅವಳು ಮೇಲೆ ಬಂದು, ಲುವೋನ ಪಿಕಾಸಿ ಹೆಗಲಿಗೇರಿಸಿಕೊಂಡು ಗೇಟಿನ ಕಡೆ ನಡೆದಳು. ಉಳಿದಿಬ್ಬರೂ ಹಿಂದೆ ಹೋದರು.

ಏರಿ ಕಡೆ ಗೋಪುರದ ಬಾಗಿಲಲ್ಲಿ ನುಣುಪಾದ ಕಲ್ಲುಚಪ್ಪಡಿ ಹಾಸಿದ್ದರು. ಕಾವಲಿನವನು ಲಾಠಿ ಹಿಡಿದು ಓಡಿ ಬಂದ. "ಏಯ್, ಯಾರೇ ನೀನು? ಏನೇ ಹುಡುಕ್ತಿದೀಯಾ ಇಲ್ಲಿ?"

"ಯಾಯಾ!" ಎಂದು ಯೂಲಾನ್ ಗೋಪುರಕ್ಕೆಲ್ಲ ಕೇಳುವಂತೆ ಕೂಗಿದಳು. "ನನ್ ಮಗ್ಳು! ಅವ್ಳೆಸ್ರು ಯಾಯಾ!"

ಪಿಕಾಸಿ ಎತ್ತಿ ಚಪ್ಪಡಿಯ ನಡುಮಧ್ಯಕ್ಕೆ ಹಾಕಿದಳು.